ಹೊಸ್ತಿಲ ದನಿ

ಆ ಊರಿಗೆ ಮಂಜು ಬರುತ್ತಿತ್ತು. ಬಂದಾಗ ಊರನ್ನು ಒಯ್ಯುತ್ತಿತ್ತು.

ಮನುಷ್ಯರನ್ನು ಮುಟ್ಟುತ್ತಿರಲಿಲ್ಲ. ದನಕರು, ಗಿಡಮರ, ಹಳ್ಳದ ನೀರು, ಇವನ್ನೂ ಮುಟ್ಟುತ್ತಿರಲಿಲ್ಲ. ಕೈಯಿಂದ ಮಾಡಿದ್ದನ್ನು ಮಾತ್ರ ಒಯ್ಯುತ್ತಿತ್ತು. ಗೋಡೆ, ಬಾಗಿಲು, ಮೆಟ್ಟಿಲು, ಒಲೆ, ತೊಟ್ಟಿಲು. ಮೈಮೇಲಿನ ಬಟ್ಟೆಯನ್ನು ಬಿಡುತ್ತಿತ್ತು. ಅಷ್ಟು ಮರ್ಯಾದೆ ಮಂಜಿಗೂ ಇತ್ತು.

ಶಂಖದ ಸದ್ದು ಕೇಳಿದರೆ ಮಂಜು ಬರುತ್ತಿದೆ ಎಂದರ್ಥ. ಜನ ಬಯಲಿಗೆ ಹೋಗಿ ಕಂಬಳಿ ಹೊದ್ದು ಕೂರುತ್ತಿದ್ದರು. ಮಂಜು ಸರಿದ ಮೇಲೆ, ಅದು ಹತ್ತದ ಗುಡ್ಡದ ಗವಿಯಲ್ಲಿ ಗವಿಯಜ್ಜ ಓದುತ್ತಿದ್ದ. ಅವನು ಓದಿದಂತೆ ಊರು ಎದ್ದು ನಿಲ್ಲುತ್ತಿತ್ತು. ಅವನು ಓದದ್ದು ಏಳುತ್ತಿರಲಿಲ್ಲ.

ಇದು ಆ ಊರಿನ ನೇಮ. ಯಾರು ಮಾಡಿದ್ದು ಎಂದು ಯಾರಿಗೂ ಗೊತ್ತಿರಲಿಲ್ಲ.

ಗವಿಯಲ್ಲಿ ಇದ್ದದ್ದು ಮಣ್ಣಿನ ಬಿಲ್ಲೆಗಳು. ಅಂಗೈಯಗಲದವು. ಯಾರು ಏನು ಮಾಡಿದರೂ ಒಂದು ಹಸಿ ಬಿಲ್ಲೆಯನ್ನು ಅದರ ಮೇಲೆ ಒತ್ತುತ್ತಿದ್ದರು. ತೊಟ್ಟಿಲಾಗಲಿ, ಕೆರೆಯ ತೂಬಾಗಲಿ, ಪೂರ್ತಿ ಬಿಲ್ಲೆಯೊಳಗೆ ಇಳಿಯುತ್ತಿತ್ತು. ಅಷ್ಟು ದೊಡ್ಡದು ಇಷ್ಟರಲ್ಲಿ ಹೇಗೆ ಹಿಡಿಯಿತು ಎಂದು ಆ ಊರಿನವರು ಕೇಳುವುದಿಲ್ಲ. ಬಿಲ್ಲೆಯನ್ನು ಸುಟ್ಟು ಗವಿಗೆ ತರುತ್ತಿದ್ದರು. ಮಂಜಿಗೆ ಮುಂಚೆ ಒತ್ತದೆ ಬಿಟ್ಟದ್ದು ಹೋಯಿತೆಂದೇ ಲೆಕ್ಕ.

ಗವಿಯಜ್ಜ ಬಿಲ್ಲೆಯನ್ನು ಬೆರಳ ತುದಿಯಲ್ಲಿ ಹಿಡಿದು ಕಬ್ಬಿಣದ ಕಡ್ಡಿಯಿಂದ ಒಮ್ಮೆ ಬಡಿಯುತ್ತಿದ್ದ. ಅದು ದನಿ ಕೊಡುತ್ತಿತ್ತು. ಆ ದನಿಯೇ ಅದರ ಹೆಸರು. ಬೇರೆ ಹೆಸರಿಡುವ ಅಧಿಕಾರ ಯಾರಿಗೂ ಇರಲಿಲ್ಲ. ದನಿಯ ಮೊದಲ ತುಣುಕು ಯಾವ ಸಾಲು ಎಂದು ಹೇಳುತ್ತಿತ್ತು. ಉಳಿದ ತುಣುಕು ಯಾವ ಗೂಡು ಎಂದು ಹೇಳುತ್ತಿತ್ತು. ಅಲ್ಲಿ ಹೋಗಿ ಇಟ್ಟು ಬರುತ್ತಿದ್ದ.

ಒಂದೇ ಬಗೆಯ ಕೈಕೆಲಸಕ್ಕೆ ಒಂದೇ ದನಿ. ಅಜ್ಜಿ ಒತ್ತಿದರೂ ಅದೇ, ಮೊಮ್ಮಗಳು ಒತ್ತಿದರೂ ಅದೇ. ಗೂಡಿನಲ್ಲಿ ಆಗಲೇ ಬಿಲ್ಲೆ ಇದ್ದರೆ ಹೊಸದನ್ನು ಇಡುತ್ತಿರಲಿಲ್ಲ. ಕುಟ್ಟಿ ಮಣ್ಣಿಗೆ ಸೇರಿಸುತ್ತಿದ್ದ. ಊರಿನಲ್ಲಿ ಇಟ್ಟಿಗೆ ಲೆಕ್ಕವಿಲ್ಲದಷ್ಟು. ಗವಿಯಲ್ಲಿ ಇಟ್ಟಿಗೆಯ ಬಿಲ್ಲೆ ಒಂದೇ.

ಕೂದಲೆಳೆಯಷ್ಟು ಬೇರೆಯಾದರೆ ದನಿ ಪೂರ್ತಿ ಬೇರೆ. ಅಕ್ಕಪಕ್ಕದ ಗೂಡುಗಳಿಗೆ ಒಂದಕ್ಕೊಂದು ಸಂಬಂಧವಿರಲಿಲ್ಲ. ಒಲೆಯ ಪಕ್ಕ ಪಲ್ಲಕ್ಕಿ. ಇಂದಿನದರ ಪಕ್ಕ ಮುತ್ತಜ್ಜನ ಕಾಲದ್ದು.

ವಸ್ತುವಿನ ಬಿಲ್ಲೆಯಲ್ಲಿ ವಸ್ತು ಮಾತ್ರ ಇರುತ್ತಿತ್ತು. ಅದು ಯಾವ ಮನೆಯದು, ಯಾರು ಮಾಡಿದ್ದು, ಅದರಲ್ಲಿ ಇಲ್ಲ. ಅದನ್ನು ತಿಳಿಯಬೇಕಾದರೆ ಓಣಿಯ ಬಿಲ್ಲೆ ನೋಡಬೇಕು. ಓಣಿಯ ಬಿಲ್ಲೆಯಲ್ಲಿ ವಸ್ತುವೇ ಇಲ್ಲ, ಬರೀ ದನಿಗಳು. ಇಲ್ಲಿ ಈ ದನಿಯ ಬಾಗಿಲು, ಅಲ್ಲಿ ಆ ದನಿಯ ಕಟ್ಟೆ. ಓಣಿಗಳ ದನಿಗಳನ್ನೆಲ್ಲ ಕೂಡಿಸಿ ಊರಿನ ಬಿಲ್ಲೆ. ಊರಿನ ಬಿಲ್ಲೆಯ ದನಿಯನ್ನು ಹೊತ್ತು ಕೊನೆಗೊಂದು ಗಂಟುಬಿಲ್ಲೆ. ಅದರಲ್ಲಿ ಇನ್ನೂ ಮೂರು ಮಾತು. ಒತ್ತಿದವರು ಯಾರು. ಯಾಕೆ ಒತ್ತಿದರು. ಇದಕ್ಕೆ ಹಿಂದಿನ ಗಂಟಿನ ದನಿ ಯಾವುದು. ಹೀಗೆ ಗಂಟು ಹಿಂದಿನ ಗಂಟನ್ನು ಹಿಡಿದಿತ್ತು. ಅದು ಅದರ ಹಿಂದಿನದನ್ನು. ಮೊದಲ ಗಂಟು ಯಾರನ್ನೂ ಹಿಡಿದಿರಲಿಲ್ಲ.

ಗವಿಯಲ್ಲಿ ಒಂದೇ ದೀಪ. ಅದನ್ನು ಎಲ್ಲಕ್ಕಿಂತ ಹೊಸ ಗಂಟಿನ ಗೂಡಿನ ಮುಂದೆ ತೂಗುಹಾಕುತ್ತಿದ್ದರು. ಗವಿಯಜ್ಜ ದೀಪದಿಂದ ಓದಲು ಶುರುಮಾಡುತ್ತಿದ್ದ. ಗಂಟಿನಿಂದ ಊರಿಗೆ, ಊರಿನಿಂದ ಓಣಿಗೆ, ಓಣಿಯಿಂದ ವಸ್ತುವಿಗೆ. ದೀಪ ಎಲ್ಲಿದೆಯೋ ಅದೇ ಊರು.

ಒಂದು ವರ್ಷ ಊರಿಗೆ ಕೆಟ್ಟ ಬುದ್ಧಿ ಬಂತು. ಮೇಲೋಣಿಗೂ ಕೆಳಓಣಿಗೂ ಜಗಳವಾಗಿ ನಡುವೆ ಒಂದು ಗೋಡೆ ಎಬ್ಬಿಸಿದರು. ಆ ಗೋಡೆಯನ್ನೂ ಒತ್ತಿದರು, ಸುಟ್ಟರು, ಗವಿಗೆ ತಂದರು. ಮಂಜು ಬಂದು ಹೋದಾಗಲೆಲ್ಲ ಊರಿನ ಜೊತೆ ಗೋಡೆಯೂ ಏಳುತ್ತಿತ್ತು. ಅಕ್ಕನ ಮನೆ ಆಚೆ, ತಂಗಿಯ ಮನೆ ಈಚೆ. ಹೆಣ ಹೊರಲು ಹೆಗಲು ಸಾಲದೆ ಹೋಯಿತು.

ಕಡೆಗೆ ಜನಕ್ಕೆ ನಾಚಿಕೆಯಾಯಿತು. ಯಜಮಾನ ಗವಿಗೆ ಬಂದ.

“ಅಜ್ಜ, ಆ ವರ್ಷದಿಂದ ಗೋಡೆ ಒಂದನ್ನ ಕಿತ್ತುಹಾಕು. ಮಿಕ್ಕಿದ್ದು ಇರಲಿ.”

“ಗೋಡೆ ತೆಗೆದ್ರೆ ಊರಿನ ಬಿಲ್ಲೆ ದನಿ ಬದಲಾಗತ್ತೆ.”

“ಆಗಲಿ.”

“ಅದರ ಗಂಟಿನ ದನಿ ಬದಲಾಗತ್ತೆ. ಅದನ್ನ ಹಿಡಿದಿರೋ ಮುಂದಿನ ಗಂಟಿಂದು. ಅದರ ಮುಂದಿನದು. ದೀಪದವರೆಗೂ. ಎಲ್ಲ ಹೊಸದಾಗಿ ಒತ್ತಬೇಕು. ಮಣ್ಣಿದೆಯಾ?”

ಮಣ್ಣಿರಲಿಲ್ಲ. ಗುಂಡಿ ಬರಿದಾಗುತ್ತ ಬಂದಿತ್ತು.

“ಹಾಗಾದ್ರೆ ದೀಪವನ್ನೇ ಹಿಂದಕ್ಕೆ ತೂಗುಹಾಕು,” ಎಂದ ಯಜಮಾನ. “ಗೋಡೆಗಿಂತ ಹಿಂದಿನ ಗಂಟಿಗೆ. ಆ ವರ್ಷವೇ ಬೇಡ.”

ಗವಿಯಜ್ಜ ದೀಪವನ್ನು ಹಿಂದಕ್ಕೆ ತೂಗುಹಾಕಿದ. ದೀಪ ಇದ್ದ ಜಾಗದಲ್ಲೆಲ್ಲ ಮಸಿ ಹಿಡಿದಿರುತ್ತದೆ. ಮಸಿ ನೋಡಿಕೊಂಡು ಯಾರಾದರೂ ಮತ್ತೆ ಗೋಡೆಯ ವರ್ಷಕ್ಕೆ ಹೋದಾರು ಎಂದು ಯಜಮಾನ ಅದಕ್ಕೂ ಸುಣ್ಣ ಹೊಡೆಸಿದ. ಶಂಖ ಮೊಳಗಿತು. ಮಂಜು ಬಂತು, ಹೋಯಿತು. ಅಜ್ಜ ಓದಿದ. ಊರು ಎದ್ದಿತು. ಗೋಡೆ ಏಳಲಿಲ್ಲ. ಅಕ್ಕತಂಗಿಯರು ಓಣಿಯ ನಡುವೆ ತಬ್ಬಿಕೊಂಡು ಅತ್ತರು. ಎಲ್ಲರಿಗೂ ಒಳ್ಳೆಯದಾಯಿತು.

ಒಬ್ಬಳಿಗೆ ಆಗಲಿಲ್ಲ.

ಅವಳು ಬಡಗಿತ್ತಿ. ಗೋಡೆಯ ವರ್ಷದಲ್ಲೇ ಅವಳ ಗಂಡ ಬಡಗಿ ಸತ್ತಿದ್ದ. ಸಾಯುವ ಮುಂಚೆ ಮನೆಗೊಂದು ಹೊಸ್ತಿಲು ಕೆತ್ತಿದ್ದ. ಅವನ ಕೈ ಸೋತಿತ್ತು. ಇವಳು ಅವನ ಮೊಣಕೈ ಹಿಡಿದು ಕೂತಿದ್ದಳು. ಉಳಿ ಅವನದು, ಆಸರೆ ಇವಳದು. ಅದೇ ಅವನ ಕೊನೆಯ ಕೆಲಸ.

ದೀಪ ಹಿಂದಕ್ಕೆ ಹೋದಾಗ ಅವಳು ಸೂತಕದಲ್ಲಿದ್ದಳು. ಬಯಲಿನ ಅಂಚಿನ ಹುಣಸೆಮರದ ಕೆಳಗೆ ಮುಸುಕು ಹಾಕಿ ಕೂತಿದ್ದಳು. ಮಂಜು ಸರಿದ ಮೇಲೆ ಮನೆಗೆ ನಡೆದಳು. ಬಾಗಿಲಲ್ಲಿ ರೂಢಿಯಂತೆ ಕಾಲೆತ್ತಿದಳು. ಎತ್ತಿದ ಕಾಲು ಎಣಿಸಿದ್ದಕ್ಕಿಂತ ಕೆಳಕ್ಕೆ ಹೋಯಿತು. ಬಗ್ಗಿ ನೋಡಿದಳು. ಹಳೆಯ ಹಲಗೆ, ಗೆದ್ದಲು ತಿಂದದ್ದು.

ಊರು ಹಿಂದೆ ಹೋಗಿತ್ತು. ಗಂಡ ಹಿಂದಿರುಗಿ ಬಂದಿರಲಿಲ್ಲ.

ಅವಳು ಗವಿಗೆ ಬಂದಳು.

“ನನ್ನ ಹೊಸ್ತಿಲು ಬೇಕು, ಅಜ್ಜ.”

“ಹೆಸರು ಹೇಳು.”

ಅವಳು ತಲೆ ತಗ್ಗಿಸಿದಳು. “ನಮ್ಮೋರ ಹೆಸರು ನಾನು ಹೇಗೆ ಹೇಳ್ಲಿ?”

“ಅವನ ಹೆಸರು ಕಟ್ಟಿಕೊಂಡು ನನಗೇನು? ಹೊಸ್ತಿಲಿಂದು ಹೇಳು.”

“ನಮ್ಮೋರು ಕೆತ್ತಿದ್ದು. ಹೊನ್ನೆ ಮರದ್ದು.”

“ಅದು ಹೆಸರಲ್ಲ.”

“ಹುಡುಕಿಕೊಡಿ ಅಂದೆ ಅಷ್ಟೆ.”

“ಇದರೊಳಗೆ ಹುಡುಕೋಕೆ ಹೋದೋರು ಇದ್ದಾರೆ. ಗೂಡುಗಳ ನಡುವೆ ಆಗಾಗ ಮೂಳೆ ಸಿಗತ್ತೆ.”

ಅವಳು ಗವಿಯ ಒಳಕ್ಕೆ ನೋಡಿದಳು. ಸಾಲುಗಳು ಕತ್ತಲೆಗೆ ಇಳಿದು ಹೋಗಿದ್ದವು.

“ದೀಪ ಮುಂಚೆ ಎಲ್ಲಿತ್ತು, ನಿಮಗೇ ಗೊತ್ತಲ್ಲ. ನೀವೇ ತಾನೆ ತೂಗುಹಾಕಿದ್ದು.”

“ಎಲ್ಲ ಗೂಡೂ ಒಂದೇ ಥರ. ಮಸಿ ಇದ್ರೆ ಗೊತ್ತಾಗೋದು. ಸುಣ್ಣ ಹೊಡೆದೆ.”

“ಹೊಡೀಬೇಡ ಅಂತ ಯಾರೂ ಅನ್ನಲಿಲ್ವಾ?”

“ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.”



“ಬಿಲ್ಲೆ ಇದೆಯಾ, ಒಡೆದುಬಿಟ್ರಾ?”

“ಇದೆ. ದೀಪ ಕದಲಿದ್ರೆ ಬಿಲ್ಲೆ ಕದಲಲ್ಲ. ಈಗ ಅದಕ್ಕೆ ದಾರಿ ಇಲ್ಲ, ಅಷ್ಟೆ. ಆದ್ರೆ ಗುಡಿಸೋ ದಿನ ಬರ್ತಾ ಇದೆ.”

ಗುಡಿಸುವ ದಿನ ಅವಳಿಗೂ ಗೊತ್ತಿತ್ತು. ಮಣ್ಣು ತೀರಿದಾಗ ಗವಿಯಜ್ಜ ದೀಪದಿಂದ ಹೊರಟು, ದನಿ ಹಿಡಿದು ನಡೆದು, ಸಿಕ್ಕ ಬಿಲ್ಲೆಗೆಲ್ಲ ಅರಿಶಿನ ಹಚ್ಚುತ್ತಾನೆ. ಅರಿಶಿನವಿಲ್ಲದ್ದನ್ನು ಒರಳಿಗೆ ಹಾಕಿ ಕುಟ್ಟುತ್ತಾರೆ. ಆ ಪುಡಿಯೇ ಮುಂದಿನ ಬಿಲ್ಲೆಗಳ ಮಣ್ಣು.

ಅವಳು ಯಜಮಾನನ ಹತ್ತಿರ ಹೋದಳು. ಅವನು ಜಗಲಿಯಲ್ಲಿ ಕೂತು ಹುರಿಗಡಲೆ ತಿನ್ನುತ್ತಿದ್ದ. ಅವಳಿಗೂ ಒಂದು ಹಿಡಿ ಕೊಟ್ಟ.

“ಗುಡಿಸೋದು ಮುಂದಕ್ಕೆ ಹಾಕಿ, ಯಜಮಾನ್ರೇ.”

“ಹಾಕೋಕಾಗಲ್ಲವ್ವ. ತೂಬು ಹೊಸದು ಮಾಡಿದೀವಿ. ಒತ್ತೋಕೆ ಮಣ್ಣು ಸಾಲಲ್ಲ. ಒತ್ತದೆ ಮಂಜು ಬಂದ್ರೆ ಕೆರೆ ಊರೊಳಗೇ ಬರತ್ತೆ.”

“ನನ್ನ ಹೊಸ್ತಿಲು?”

“ಹೊಸ್ತಿಲು ತಾನೆ? ಒಳ್ಳೇ ಬಡಗಿ ಹಿಡಿದು ಮಾಡಿಸಿಕೊಡ್ತೀನಿ.”

“ಒಳ್ಳೇದು ನನಗೆ ಬೇಡ.”

ಯಜಮಾನ ಹುರಿಗಡಲೆ ತಿನ್ನುವುದನ್ನು ನಿಲ್ಲಿಸಿದ. ಕೆಟ್ಟ ಮನುಷ್ಯನಲ್ಲ.

“ನೋಡು, ಆ ವರ್ಷದೊಳಗೆ ನಿನ್ನ ಹೊಸ್ತಿಲಿದೆ. ಅಲ್ಲೇ ಗೋಡೆನೂ ಇದೆ. ದಾರಿ ಮಾಡಿಕೊಟ್ರೆ ನೀನೊಬ್ಳೇ ಹೋಗಿ ಬರ್ತೀಯ ಅಂತ ಏನು ಖಾತ್ರಿ? ಇನ್ನೊಬ್ಬ ಅದೇ ದಾರೀಲಿ ಗೋಡೆಗೆ ಹೋಗ್ತಾನೆ. ನಿನ್ನ ಗಂಡನ್ನ ಹೊರೋಕೆ ಹೆಗಲಿಲ್ಲದೆ ಹೋಗಿದ್ದು ಮರೆತೆಯಾ?”

“ಮರೆತಿಲ್ಲ. ಒಂದು ಹೆಗಲು ನಾನೇ ಕೊಟ್ಟೆ.”

 ಯಜಮಾನ ಹುರಿಗಡಲೆಯನ್ನು ಕೆಳಗಿಟ್ಟು ಹೇಳಿದ, “ಮುಂದಿನ ಅಮಾವಾಸ್ಯೆವರೆಗೆ ತಡೀತೀನಿ. ಅದಕ್ಕಿಂತ ಆಗಲ್ಲ.”

ಅವಳು ಮತ್ತೆ ಗವಿಗೆ ಹೋದಳು.

“ಅಜ್ಜ, ಹೆಸರನ್ನ ವಸ್ತುವೇ ಕೊಡತ್ತೆ ಅಂತೀರಲ್ಲ.”

“ಹೂಂ.”

“ಅದೇ ವಸ್ತುವನ್ನ ನಾನು ಇನ್ನೊಂದ್ಸಲ ಮಾಡಿದ್ರೆ?”

ಗವಿಯಜ್ಜ ಕಡ್ಡಿಯನ್ನು ಕೆಳಗಿಟ್ಟ. ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ.

“ಅದೇ ಆದ್ರೆ ಅದೇ ದನಿ.”

“ಅದೇ ಆಯ್ತು ಅಂತ ಹೇಗೆ ಗೊತ್ತಾಗತ್ತೆ?”

“ಆ ದನಿಯ ಗೂಡಿಗೆ ಹೋಗ್ತೀವಿ. ಗೂಡು ಖಾಲಿ ಇರಲ್ಲ.”

“ಗುಡಿಸಿದ ಮೇಲೆ ಮಾಡಿದ್ರೆ?”

“ಗೂಡು ಖಾಲಿ ಇರತ್ತೆ. ನೀನು ಸರಿಯಾಗಿ ಮಾಡಿದ್ರೂ ಖಾಲಿ, ತಪ್ಪಾಗಿ ಮಾಡಿದ್ರೂ ಖಾಲಿ. ಹೇಳೋರು ಯಾರೂ ಇರಲ್ಲ.”

ಅವಳು ಮನೆಗೆ ಹೋಗಿ ಅಟ್ಟದಿಂದ ಹೊನ್ನೆಯ ತೊಲೆ ಇಳಿಸಿದಳು. ಉಳಿ ಮಸೆದಳು.

ಕೆತ್ತಿದಳು. ನಡುವೆ ತಾವರೆ, ಎರಡು ಬದಿ ಬಳ್ಳಿ, ತುದಿಯಲ್ಲಿ ಗಿಣಿ. ಕಣ್ಣಿಗೆ ಕಂಡಂತೆಯೇ ಕೆತ್ತಿದಳು. ಗುಂಡಿಯ ತಳ ಕೆರೆದು ತಂದ ಮಣ್ಣಿನಲ್ಲಿ ಹಸಿ ಬಿಲ್ಲೆ ಒತ್ತಿದಳು, ಸುಟ್ಟಳು, ಗವಿಗೆ ತಂದಳು. ಅಜ್ಜ ಬಡಿದ. ಬಿಲ್ಲೆ ದನಿ ಕೊಟ್ಟಿತು. ಇಬ್ಬರೂ ದನಿ ಹಿಡಿದು ನಡೆದರು. ಸಾಲು ಸಿಕ್ಕಿತು. ಗೂಡು ಸಿಕ್ಕಿತು. ಅಜ್ಜ ಕೈ ಹಾಕಿದ.

ಖಾಲಿ.

ಅವಳು ಮನೆಗೆ ಹೋದಳು. ಬಳ್ಳಿಯ ಒಂದು ಎಲೆ ಅರ್ಧಕ್ಕೇ ನಿಂತಿದ್ದದ್ದು ನೆನಪಾಯಿತು. ಆ ದಿನ ಅವನಿಗೆ ಕೆಮ್ಮು ಬಂದಿತ್ತು. ಮತ್ತೆ ಕೆತ್ತಿದಳು. ಎಲೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ಒತ್ತಿದಳು, ಸುಟ್ಟಳು, ತಂದಳು. ಅಜ್ಜ ಬಡಿದ. ಬೇರೆಯೇ ದನಿ. ಗವಿಯ ಬೇರೆಯೇ ದಿಕ್ಕು. ನಡೆದರು. ಅಜ್ಜ ಕೈ ಹಾಕಿದ.

ಖಾಲಿ.

“ಹತ್ತಿರ ಬಂದಿದೀನಾ, ಅಜ್ಜ?”

“ಹತ್ತಿರ ಅನ್ನೋದು ಇಲ್ಲಿಲ್ಲ. ಅದೇ, ಇಲ್ಲ ಅಂದ್ರೆ ಬೇರೆ.”

“ಒಂದು ಸಮಾಧಾನದ ಮಾತಾದ್ರೂ ಹೇಳಬಾರದಾ?”

“ಬಿಲ್ಲೆ ಹೇಳಲ್ಲ. ನಾನು ಹೇಗೆ ಹೇಳ್ಲಿ?”

ಅವಳು ಮನೆಗೆ ಹೋದಳು. ಗಿಣಿಯ ಕೊಕ್ಕು ನೆನಪಾಯಿತು. ತಾವರೆಯ ಒಂದು ಎಸಳಿನ ಗೀಟು ನೆನಪಾಯಿತು. ನೆನಪಾದಂತೆ ಕೆತ್ತಿದಳು. ಒತ್ತಿದಳು, ಸುಟ್ಟಳು, ತಂದಳು. ಬಡಿದರು, ನಡೆದರು, ಕೈ ಹಾಕಿದರು. ಖಾಲಿ. ಬೇಡದ ಬಿಲ್ಲೆಗಳನ್ನು ಅಜ್ಜ ಒರಳಿಗೆ ಹಾಕಿ, ಆ ಪುಡಿಯನ್ನೇ ಅವಳಿಗೆ ಮತ್ತೆ ಕೊಟ್ಟ. ಬೇಡದ ಹೊಸ್ತಿಲುಗಳು ಅವಳ ಅಂಗಳದಲ್ಲಿ ಒಂದರ ಮೇಲೊಂದು ಬಿದ್ದವು. ನೆರೆಯವಳು ಬೇಲಿಯಾಚೆಯಿಂದ ಕೇಳಿದಳು, “ಏನವ್ವ, ಊರಿಗೆಲ್ಲ ಹೊಸ್ತಿಲು ಹಂಚ್ತೀಯಾ?”

“ಬೇಕಾದ್ರೆ ಒಂದು ಒಯ್ಯಿ.”

ನೆರೆಯವಳು ನಿಜವಾಗಿಯೂ ಒಂದನ್ನು ಒಯ್ದಳು. ಅವಳ ಬಾಗಿಲಿಗೆ ಚೆನ್ನಾಗಿ ಕೂತಿತು.

ಅಮಾವಾಸ್ಯೆ ಹತ್ತಿರ ಬಂತು. ಗವಿಯಜ್ಜ ಅರಿಶಿನ ಅರೆಯತೊಡಗಿದ. ಅವಳಿಗೆ ಇನ್ನು ನೆನಪಾಗಲು ಏನೂ ಉಳಿದಿರಲಿಲ್ಲ. ಕೊನೆಯದಾಗಿ ಕೆತ್ತಿದ ಹೊಸ್ತಿಲನ್ನು ಅಜ್ಜನಿಗೇ ತೋರಿಸೋಣವೆಂದು ತಲೆಯ ಮೇಲೆ ಹೊತ್ತು ಗವಿಯ ಬಾಯಿಗೆ ತಂದು ಇಳಿಸಿದಳು.

ಗವಿಯಜ್ಜ ಅದರ ಮೇಲೆ ಕೈಯಾಡಿಸಿದ.

“ನುಣುಪಾಗಿದೆ.”

“ಹೂಂ.”

“ಸಾಯೋನ ಕೈಕೆಲಸ ಇಷ್ಟು ನುಣುಪಾಗಿರತ್ತಾ?”



ಅಜ್ಜ ಎದ್ದು ಅದನ್ನು ದಾಟಿದ. ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ. “ನೀನು ದಾಟು,” ಎಂದ.

ಅವಳು ದಾಟಿದಳು. ಕಾಲು ಸಲೀಸಾಗಿ ಹೋಯಿತು. ಅಲ್ಲೇ ನಿಂತುಬಿಟ್ಟಳು. ತನ್ನ ಬಲಗಾಲಿನ ಹೆಬ್ಬೆರಳನ್ನು ನೋಡಿದಳು. ಉಗುರು ಒಡೆದ ಗುರುತು ಇನ್ನೂ ಮಾಸಿರಲಿಲ್ಲ.

ಅವನ ಹೊಸ್ತಿಲಿನ ಬಲಬದಿಯಲ್ಲಿ ಒಂದು ಗುಬುಟು, ಕೆತ್ತದೆ ಬಿಟ್ಟ ಉಬ್ಬು, ಉಳಿದಿತ್ತು. ತಟ್ಟಿ ತೆಗೆಯಲು ಅವನಲ್ಲಿ ಕಸುವಿರಲಿಲ್ಲ. ಅವಳು ದಿನವೂ ಅದಕ್ಕೆ ಎಡವುತ್ತಿದ್ದಳು. ದಿನವೂ ಬೈಯುತ್ತಿದ್ದಳು. ಇಷ್ಟು ವರ್ಷ ಬಡಗಿಯಾಗಿ ಒಂದು ಹೊಸ್ತಿಲು ಸಮ ಮಾಡಲು ಬರುವುದಿಲ್ಲವಾ ಎನ್ನುತ್ತಿದ್ದಳು. ಅವನು ಚಾಪೆಯ ಮೇಲಿಂದಲೇ, “ಇರಲಿ ಬಿಡೇ. ನಾಳೆ ಬೈಯೋಕಾದ್ರೂ ನನ್ನ ನೆನೀತೀಯ,” ಎನ್ನುತ್ತಿದ್ದ.

ಅವನು ಸತ್ತ ಮೇಲೆ ಆ ಬೈಗುಳ ಅವಳಿಗೆ ಮುಳ್ಳಾಗಿತ್ತು. ಮುಳ್ಳನ್ನು ನೆನಪಿನಿಂದ ಕಿತ್ತುಹಾಕಿದ್ದಳು. ಅದರ ಜೊತೆ ಗುಬುಟೂ ಹೋಗಿತ್ತು. ಕೆತ್ತಿದಾಗಲೆಲ್ಲ ಬಲಬದಿಗೆ ಬಂದೊಡನೆ ಕೈ ತಾನಾಗಿಯೇ ಅದನ್ನು ಸಮ ಮಾಡುತ್ತಿತ್ತು. ಅವನ ಬಗ್ಗೆ ತಪ್ಪು ಹೇಳಲು ಕೈಗೆ ಮನಸ್ಸಿರಲಿಲ್ಲ.

“ಗುಡಿಸೋದು ಯಾವಾಗ?”

“ಅರಿಶಿನ ಅರೆದು ಮುಗೀಲಿ.”

“ನಿಧಾನಕ್ಕೆ ಅರೀರಿ, ಅಜ್ಜ.”

“ನನಗೆ ವಯಸ್ಸಾಗಿದೆ. ಬೇಗ ಅರೆಯೋಕೆ ಹೇಗೂ ಆಗಲ್ಲ.”

ಅವಳು ಓಡಿದಳು. ಉಳಿದಿದ್ದ ಕೊನೆಯ ತೊಲೆಯನ್ನು ಇಳಿಸಿದಳು. ಈ ಸಲ ನೋಡಿ ಕೆತ್ತಲಿಲ್ಲ. ಕಣ್ಣು ಮುಚ್ಚಿ ಎಡಗೈಯನ್ನು ಬಲ ಮೊಣಕೈಗೆ ಕೊಟ್ಟಳು, ಅಂದು ಅವನಿಗೆ ಕೊಟ್ಟ ಹಾಗೆ. ಕೈ ನಡುಗಬೇಕಾದಲ್ಲಿ ನಡುಗಿತು. ನಿಲ್ಲಬೇಕಾದಲ್ಲಿ ನಿಂತಿತು. ಬಲಬದಿಗೆ ಬಂದಾಗ ಉಳಿಯನ್ನು ಕೆಳಗಿಟ್ಟುಬಿಟ್ಟಳು. ಗುಬುಟು ಉಳಿಯಿತು. ಕಾಲು ತಾಗಿಸಿ ನೋಡಿದಳು. ಇನ್ನೊಂದಿಷ್ಟು ಕೆತ್ತಿದಳು. ಮತ್ತೆ ತಾಗಿಸಿದಳು. ಹೆಬ್ಬೆರಳು ನೋಯುವವರೆಗೆ.

ಒತ್ತಿದಳು, ಸುಟ್ಟಳು, ತಂದಳು.

ಗವಿಯ ಬಾಯಲ್ಲಿ ಯಜಮಾನ ಒರಳಿನವರ ಜೊತೆ ನಿಂತಿದ್ದ. ಗವಿಯಜ್ಜ ಇನ್ನೂ ಅರಿಶಿನ ಅರೆಯುತ್ತಿದ್ದ. “ಇದನ್ನ ಬೆಣ್ಣೆ ಮಾಡ್ತೀಯಾ?” ಎಂದು ಯಜಮಾನ ಆಗಲೇ ಎರಡು ಸಲ ಕೇಳಿಯಾಗಿತ್ತು.

ಅಜ್ಜ ಕೈ ಒರೆಸಿಕೊಂಡು ಬಿಲ್ಲೆ ತೆಗೆದುಕೊಂಡ. ಬಡಿದ.

ಝೇಂ ಗಡ ತೋಂ.

ನಡೆದರು. ಸಾಲು ಸಿಕ್ಕಿತು. ಗೂಡು ಸಿಕ್ಕಿತು. ಅಜ್ಜ ಕೈ ಹಾಕಿದ. ಹಾಕಿದ ಕೈಯನ್ನು ತೆಗೆಯಲಿಲ್ಲ.

“ಏನು?” ಎಂದಳು.

ಅಜ್ಜ ಒಂದು ಬಿಲ್ಲೆಯನ್ನು ಹೊರಕ್ಕೆ ತೆಗೆದ. ಅದರ ಮೇಲೆ ಧೂಳಿತ್ತು. ಎರಡನ್ನೂ ಎರಡು ಅಂಗೈಯಲ್ಲಿಟ್ಟು ನೋಡಿದ. ಉಸಿರೂದಿ ಧೂಳು ತೆಗೆದ. ಇದನ್ನು ಬಡಿದ. ಝೇಂ ಗಡ ತೋಂ. ಅದನ್ನು ಬಡಿದ. ಝೇಂ ಗಡ ತೋಂ.

ಒಂದನ್ನು ಗೂಡಿಗೆ ಹಾಕಿದ. ಇನ್ನೊಂದನ್ನು ಮಡಿಲಿಗೆ ಹಾಕಿಕೊಂಡ, ಕುಟ್ಟುವುದಕ್ಕೆ.

“ಗೂಡಿಗೆ ಹಾಕಿದ್ದು ಯಾವುದು, ಅಜ್ಜ? ನಮ್ಮೋರದಾ, ನಂದಾ?”

“ನೋಡ್ಕೊಳ್ಳಲಿಲ್ಲ.”

“ನೋಡ್ಕೋಬೇಕಿತ್ತು.”

“ನೋಡಿದ್ರೂ ಗೊತ್ತಾಗ್ತಿರಲಿಲ್ಲ. ಹೊಸ್ತಿಲು ಒಂದೇ. ಗವಿಯಲ್ಲಿ ಎರಡಿಲ್ಲ.”

ಅವಳು ಗೂಡಿನ ಅಂಚನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

ಆಮೇಲೆ ಅಜ್ಜ ಬೇಡದ ಬಿಲ್ಲೆಗಳ ಪುಡಿಯಲ್ಲಿ ಓಣಿಗೆ ಹೊಸ ಬಿಲ್ಲೆ ಒತ್ತಿದ. ಅವಳ ಬಾಗಿಲ ಜಾಗದಲ್ಲಿ ಝೇಂ ಗಡ ತೋಂ ಎಂದು ಒತ್ತಿದ. ಉಳಿದ ಮನೆಗಳ ದನಿಗಳನ್ನು ಇದ್ದಂತೆಯೇ ಒತ್ತಿದ. ಊರಿಗೆ ಹೊಸ ಬಿಲ್ಲೆ ಒತ್ತಿದ. ಹೊಸ ಗಂಟು ಒತ್ತಿದ. ಹಿಂದಿನ ಗಂಟಿನ ದನಿಯನ್ನು ಅದರಲ್ಲಿಟ್ಟ.

“ಒತ್ತಿದ್ದು ಯಾರು?”

“ಬಡಗಿತ್ತಿ.”

“ಯಾಕೆ?”

ಅವಳು ಯೋಚಿಸಿದಳು. “ಎಡವೋಕೆ.”

ಅಜ್ಜ ಹಾಗೆಯೇ ಒತ್ತಿದ. ಬಿಲ್ಲೆಗಳನ್ನು ಸುಟ್ಟು, ಬಡಿದು, ಅವುಗಳ ಗೂಡಿಗೆ ಹಾಕಿದ. ದೀಪವನ್ನು ಹೊಸ ಗಂಟಿನ ಮುಂದೆ ತೂಗುಹಾಕಿದ. ದೀಪದಿಂದ ಹೊರಟು ಅರಿಶಿನ ಹಚ್ಚಿದ. ಗಂಟಿಗೆ, ಊರಿಗೆ, ಓಣಿಗೆ, ಹೊಸ್ತಿಲಿಗೆ. ಹಿಂದಿನ ಗಂಟಿಗೆ, ಅದರ ಹಿಂದಿನದಕ್ಕೆ. ಗೋಡೆಯ ವರ್ಷದ ಗಂಟುಗಳು ಅವನ ದಾರಿಯಲ್ಲಿ ಸಿಗಲಿಲ್ಲ. ಅವಕ್ಕೆ ಅರಿಶಿನ ಬೀಳಲಿಲ್ಲ. ಒರಳಿನವರು ಅವನ್ನು ಕುಟ್ಟಿದರು.

ಯಜಮಾನ ನೋಡುತ್ತ ನಿಂತಿದ್ದ. ಅರಿಶಿನ ಹಚ್ಚಿದ್ದೊಂದನ್ನು ಎತ್ತಿಕೊಂಡ.

“ಇದು ಇಟ್ಟಿಗೆದಲ್ವಾ? ಗೋಡೆ ಕಟ್ಟಿದ್ದು ಇದರಿಂದಲೇ. ಇದೂ ಹೋಗಲಿ.”

“ನಿಮ್ಮ ಮನೆ ಕಟ್ಟಿದ್ದೂ ಅದರಿಂದಲೇ,” ಎಂದ ಅಜ್ಜ.

ಯಜಮಾನ ಅದನ್ನು ಮೆಲ್ಲಗೆ ಗೂಡಿಗೆ ಇಟ್ಟ. ಗೋಡೆ ಹೋಯಿತು. ಇಟ್ಟಿಗೆ ಉಳಿಯಿತು. ಉಳಿಯಲೇಬೇಕು.

ಆ ವರ್ಷದ ಪುಡಿಯನ್ನು ಮಣ್ಣಿಗೆ ಕಲಸಿದರು. ಕೆರೆಯ ತೂಬನ್ನು ಅದರಲ್ಲೇ ಒತ್ತಿ, ಅದಕ್ಕೊಂದು ಹೊಸ ಗಂಟು ಒತ್ತಿ, ದೀಪವನ್ನು ಅದರ ಮುಂದೆ ತೂಗುಹಾಕಿದರು.

ಶಂಖ ಮೊಳಗಿತು. ಜನ ಬಯಲಿಗೆ ಬಂದರು. ಅಂಚಿನ ಹುಣಸೆಮರದ ಕೆಳಗೆ ಯಾರೂ ಇರಲಿಲ್ಲ. ಬಡಗಿತ್ತಿ ಜನರ ನಡುವೆ ಕೂತಿದ್ದಳು, ನೆರೆಯವಳ ಕಂಬಳಿಯ ಒಂದು ಚುಂಗನ್ನು ತಾನೂ ಹೊದ್ದು. ಮಂಜು ಬಂತು. ಊರನ್ನು ಒಯ್ದಿತು. ಮಂಜು ಸರಿಯಿತು. ಗುಡ್ಡದ ಮೇಲಿಂದ ಅಜ್ಜನ ಓದು ಕೇಳಿಸಿತು. ಕೆರೆಗೆ ತೂಬು ಎದ್ದಿತು. ಓಣಿ ಎದ್ದಿತು. ಮನೆ ಎದ್ದಿತು.

ಝೇಂ ಗಡ ತೋಂ ಎಂದ ಅಜ್ಜ.

ಅವಳು ಮನೆಗೆ ನಡೆದಳು. ಬಾಗಿಲಿಗೆ ಬಂದಳು. ಕಾಲೆತ್ತಿದಳು. ಎತ್ತಬೇಕಾದಷ್ಟು ಎತ್ತಲಿಲ್ಲ.

ಎಡವಿದಳು. ಹೆಬ್ಬೆರಳು ಹಿಡಿದುಕೊಂಡು ಅಲ್ಲೇ ಕೂತು ಬೈದಳು. ಅವನ ಹೆಸರು ಹಿಡಿದು ಬೈದಳು.